ಹಿಟ್ಟಿನ ಗುಳಿಗೆ

ಪೋರ್ಟ್ ಪಿರಿ ಎಂಬ ಬಂದರು ಊರಿನ ಸಭಾಭವನದಲ್ಲಿ ಅವತ್ತು ಕುರ್ಚಿಗಳು ಸಾಲದೆ ಹಿಂದಿನ ಗೋಡೆಗೆ ಒರಗಿ ನಿಂತವರೂ ಇದ್ದರು. ಅಡಿಲೇಡಿನ ಸಂಶೋಧನಾ ಸಂಸ್ಥೆಯವರು ಆಗಾಗ ಹೀಗೆ ಊರೂರಿಗೆ ಬಂದು ಜನರಿಗೆ ಆರೋಗ್ಯದ ಬಗ್ಗೆ ತಿಳಿಹೇಳುತ್ತಿದ್ದರು. ಸಕ್ಕರೆ ಕಾಯಿಲೆ, ಚರ್ಮದ ಕ್ಯಾನ್ಸರ್, ಮರೆವಿನ ರೋಗ. ಅಂಥ ಸಭೆಗಳಿಗೆ ಬರುವವರು ಹೆಚ್ಚಾಗಿ ಚಹಾ, ಕೇಕಿನ ನೆಪಕ್ಕೆ ಮನೆಯಿಂದ ಹೊರಬೀಳುವ ವಯಸ್ಸಾದವರು. ಶ್ವಾಸಕೋಶದ ಉಪನ್ಯಾಸಕ್ಕೆ ಮಾತ್ರ ಜನ ಕಿಕ್ಕಿರಿಯುತ್ತಿದ್ದರು. ಅದಕ್ಕೆ ಕಾರಣ ಉಪನ್ಯಾಸ ಮಾಡುವ ಡಾಕ್ಟರ್ ರೆನಾಟಾ ನೋಸ್ಕೆ ಅಲ್ಲ, ಆಕೆಯ ಜೊತೆ ಬರುತ್ತಿದ್ದ ಕ್ಲೆಮ್ ಟ್ರೆಜೀಸ್.

ಕ್ಲೆಮ್ ಮೂಂಟಾದವನು. ತಾಮ್ರದ ಗಣಿಗೆಂದು ಕಾರ್ನ್‌ವಾಲ್‌ನಿಂದ ಹಡಗು ಹತ್ತಿ ಬಂದವರ ಮರಿಮಗ. ವಾಲರೂ ಬಂದರಿನ ಕಣಜಗಳಲ್ಲಿ ಬಾರ್ಲಿ ತುಂಬಿಸಿ, ಇಳಿಸಿ, ದುಡಿಮೆಯ ಕಾಲವನ್ನೆಲ್ಲ ಧೂಳಿನಲ್ಲೇ ಕಳೆದವನು. ಊರಿನ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಸಣ್ಣ ಕಹಳೆ ಊದುತ್ತಿದ್ದ. ಒಂದು ಕ್ರಿಸ್ಮಸ್ಸಿನಲ್ಲಿ ಹಾಡಿನ ಅರ್ಧಕ್ಕೇ ಉಸಿರು ಸಿಕ್ಕಿಹಾಕಿಕೊಂಡಿತು. ಎದೆಗೆ ಕೊಳವೆ ಇಟ್ಟು ಆಲಿಸಿದ ವೈದ್ಯರಿಗೆ ಒಣ ತರಗೆಲೆ ತುಳಿದಂಥ ಸದ್ದು ಕೇಳಿಸಿತು. ಶ್ವಾಸಕೋಶ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಇರುವ ಔಷಧಿ ಅದರ ಓಟವನ್ನು ನಿಧಾನ ಮಾಡೀತು, ನಿಲ್ಲಿಸಲಾರದು. ಆಮೇಲೇ ಅವನು ನೋಸ್ಕೆಯವರ ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಿದ್ದು.

ವೇದಿಕೆಯ ಮೇಲೆ ಡಾಕ್ಟರ್ ಚಿತ್ರಗಳನ್ನು ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು. ಕೊನೆಗೆ ತಪ್ಪದೆ ಒಂದು ಮಾತು ಸೇರಿಸುತ್ತಿದ್ದರು. "ಈ ಪ್ರಯೋಗದಲ್ಲಿ ಅರ್ಧ ಜನಕ್ಕೆ ಹೊಸ ಮಾತ್ರೆ, ಇನ್ನರ್ಧಕ್ಕೆ ನೋಡೋಕೆ ಹಾಗೇ ಇರೋ ಬರೀ ಹಿಟ್ಟಿನ ಗುಳಿಗೆ. ಕ್ಲೆಮ್ ಅವರಿಗೆ ಯಾವುದು ಸಿಕ್ಕಿದೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರ ಆರೋಗ್ಯ ನೋಡಿ ನೀವು ಯಾವ ತೀರ್ಮಾನಕ್ಕೂ ಬರಬಾರದು."

ಆಮೇಲೆ ಕ್ಲೆಮ್ ಎದ್ದು ನಿಲ್ಲುತ್ತಿದ್ದ. ಎತ್ತರದ ಆಳು, ಕೆಂಪು ಮುಖ, ಇಸ್ತ್ರಿ ಮಾಡಿದ ಬ್ಯಾಂಡಿನ ಕೋಟು. ಎರಡು ತಮಾಷೆ ಮಾಡಿ, ಕಾರ್ನೆಟ್ ತುಟಿಗಿಟ್ಟು ಹಳೆಯ ಕೀರ್ತನೆಯೊಂದರ ಒಂದು ಚರಣವನ್ನು ಕಡೆಯ ಸ್ವರದವರೆಗೂ ಎಳೆದು ಊದುತ್ತಿದ್ದ. ಸಭೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕೂತವರ ಕಣ್ಣು ತುಂಬಿಬರುತ್ತಿತ್ತು. ಚಪ್ಪಾಳೆ ನಿಂತ ಮೇಲೆ ಅವನು ಡಾಕ್ಟರ ಕಡೆ ಕಣ್ಣು ಮಿಟುಕಿಸಿ, "ಡಾಕ್ಟ್ರು ಹೇಳೋದು ಹೇಳಿದ್ರು. ಆದ್ರೆ ನೀವೇ ಹೇಳ್ರಪ್ಪ, ಹಿಟ್ಟು ತಿಂದವನು ಹೀಗೆ ಊದ್ತಾನಾ?" ಅನ್ನುತ್ತಿದ್ದ.

ಜನ ಗೊಳ್ಳೆಂದು ನಗುತ್ತಿದ್ದರು. ನೋಸ್ಕೆ ತಲೆ ಅಲ್ಲಾಡಿಸಿ ತಾವೂ ಸಣ್ಣಗೆ ನಗುತ್ತಿದ್ದರು.

ಅವತ್ತು ಪೋರ್ಟ್ ಪಿರಿಯಲ್ಲಿ ಸಭೆ ಮುಗಿದು ಚಹಾ ಹಂಚುವಾಗ ಒಬ್ಬ ಗಿಡ್ಡ ಮನುಷ್ಯ ಜನರನ್ನು ಸರಿಸಿಕೊಂಡು ಬಂದು ಕ್ಲೆಮ್‌ನ ಎದುರು ನಿಂತ. ಬಿಸಿಲಿಗೆ ಬೆಂದ ಮುಖ, ಬಲೆ ಎಳೆದು ದಪ್ಪಗಾದ ಬೆರಳು. ನುಂಟ್ಸಿಯೊ ಸಾಲ್ವೆಮಿನಿ. ಇಟಲಿಯ ಕಡಲತಡಿಯಿಂದ ಬಂದು ಇಲ್ಲಿ ನೆಲೆನಿಂತ ಮೀನುಗಾರರ ಮಗ. ಅವನ ಹಿಂದೆ ತಟ್ಟೆಯಲ್ಲಿ ಎರಡು ತುಂಡು ಕೇಕು ಹಿಡಿದು ಹೆಂಡತಿ ಇಮ್ಮಾ.

"ಮಿಸ್ಟರ್ ಟ್ರೆಜೀಸ್, ನನ್ನದೂ ನಿಮ್ಮದೇ ಕಾಯಿಲೆ," ಎಂದ ನುಂಟ್ಸಿಯೊ. "ಮೆಲ್ಬರ್ನ್‌ಗೆ ಬನ್ನಿ, ಶ್ವಾಸಕೋಶ ಬದಲಾಯಿಸೋಕೆ ಆಗುತ್ತಾ ನೋಡ್ತೀವಿ ಅಂತ ಹೇಳಿದ್ದಾರೆ. ನನಗೆ ಯಾರದೋ ಸತ್ತವರ ಶ್ವಾಸಕೋಶ ಹಾಕಿಸ್ಕೊಳ್ಳೋಕೆ ಧೈರ್ಯ ಸಾಲ್ತಿಲ್ಲ."

"ಧೈರ್ಯ ಅಲ್ಲ, ಹಟ," ಎಂದಳು ಇಮ್ಮಾ. "ಬಿರುಗಾಳೀಲಿ ದೋಣಿ ಬಿಡ್ತಾನೆ, ಆಸ್ಪತ್ರೆ ಅಂದ್ರೆ ಮಂಚದ ಕೆಳಗೆ ಅಡಗ್ತಾನೆ."

"ನೀನು ಸ್ವಲ್ಪ ಸುಮ್ನಿರು. ಮಿಸ್ಟರ್ ಟ್ರೆಜೀಸ್, ಮೆಲ್ಬರ್ನ್ ಪಟ್ಟೀಲಿ ಹೆಸರು ಸೇರಿದ್ರೆ ಈ ಪ್ರಯೋಗಕ್ಕೆ ತಗೊಳ್ಳಲ್ಲವಂತೆ. ಅದೋ ಇದೋ, ಎರಡರಲ್ಲಿ ಒಂದೇ. ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಡಾಕ್ಟರ್. ಆಕೆ ಅಲ್ಲೇ ಕೈಯಳತೆಯ ದೂರದಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಕರೆದಿದ್ದರೆ ಬರುತ್ತಿದ್ದರು. ಆದರೆ ಕ್ಲೆಮ್‌ಗೆ ಚಪ್ಪಾಳೆಯ ಬಿಸಿ ಇನ್ನೂ ಆರಿರಲಿಲ್ಲ. ಅಷ್ಟು ಹೊತ್ತು ಜನ ತನ್ನನ್ನು ಬದುಕಿ ಬಂದವನಂತೆ ನೋಡಿದ್ದರು.

"ನಾನಾಗಿದ್ರೆ ಕಾಯ್ತಿದ್ದೆ ಮಾರಾಯ," ಎಂದ ನುಂಟ್ಸಿಯೊನ ಹೆಗಲು ತಟ್ಟಿ. "ಗುಳಿಗೇಲಿ ಆಗೋ ಕೆಲಸಕ್ಕೆ ಎದೆ ಸೀಳಿಸ್ಕೊಳ್ಳೋದು ಯಾಕೆ?"

ಇಮ್ಮಾ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

ನುಂಟ್ಸಿಯೊ ಪ್ರಯೋಗಕ್ಕೆ ಸೇರಿದ. ಮೆಲ್ಬರ್ನ್‌ಗೆ ಬರುವುದಿಲ್ಲವೆಂದು ಹೇಳಿಬಿಟ್ಟ. ಆ ದಿನದಿಂದ ಇಬ್ಬರಿಗೂ ಸ್ನೇಹ ಗಟ್ಟಿಯಾಯಿತು. ಮೂಂಟಾ ಕಡೆ ಬರುವವರ ಕೈಲಿ ನುಂಟ್ಸಿಯೊ ಐಸಿನ ಪೆಟ್ಟಿಗೆಯಲ್ಲಿ ಮೀನು, ನೀಲಿ ಏಡಿ ಕಳಿಸುತ್ತಿದ್ದ. ಕ್ಲೆಮ್‌ನ ಹೆಂಡತಿ ಡಲ್ಸಿ ಪ್ರತಿಯಾಗಿ ಮಾಂಸ ತುಂಬಿದ ಕಡುಬಿನಂಥ ಪೇಸ್ಟಿ ಸುಟ್ಟು ಕಳಿಸುತ್ತಿದ್ದಳು. ಗಂಡಸರಿಬ್ಬರೂ ಭಾನುವಾರ ಚರ್ಚಿನಿಂದ ಬಂದಮೇಲೆ ಫೋನು ಹಿಡಿದು ಕೂತರೆ ಊಟ ಆರಿಹೋಗುವವರೆಗೂ ಮಾತು. 'ನೀವು' ಹೋಗಿ 'ನೀನು' ಬಂತು.

ಕೆಲವು ತಿಂಗಳಾದ ಮೇಲೆ ನುಂಟ್ಸಿಯೊನ ದನಿ ಕುಗ್ಗತೊಡಗಿತು. ಹೊಟ್ಟೆ ತೊಳೆಸುತ್ತದೆ, ಊಟ ನೋಡಿದರೆ ವಾಕರಿಕೆ, ಇಮ್ಮಾ ಮಾಡಿದ ಸಾರಿನ ವಾಸನೆಗೇ ಎದ್ದು ಹೊರಗೆ ಹೋಗುವ ಹಾಗಾಗುತ್ತದೆ ಎಂದ.

"ಪ್ಯಾಂಟು ಜಾರ್ತಿದೆ ಕಣೋ. ಹಗ್ಗ ಕಟ್ಕೊಂಡಿದ್ದೀನಿ."

"ಅಯ್ಯೋ ಪುಣ್ಯವಂತ, ಅದು ಒಳ್ಳೇ ಲಕ್ಷಣ," ಎಂದ ಕ್ಲೆಮ್. "ಹಿಟ್ಟು ತಿಂದ್ರೆ ಯಾರಿಗಾದ್ರೂ ವಾಕರಿಕೆ ಬರುತ್ತಾ? ನಿನಗೆ ಅಸಲಿ ಸಿಕ್ಕಿದೆ. ಕಚ್ಚಿ ಹಿಡಿ, ಬಿಡಬೇಡ."

"ನಿನಗೂ ಹೀಗೇ ಆಗಿತ್ತಾ?"

ಕ್ಲೆಮ್‌ಗೆ ಒಂದು ದಿನವೂ ಹೊಟ್ಟೆ ಕೆಟ್ಟಿರಲಿಲ್ಲ. ಡಲ್ಸಿ ಮಾಡಿದ ಪೇಸ್ಟಿಗಳನ್ನು ತಣ್ಣಗಾಗುವ ಮೊದಲೇ ಖಾಲಿ ಮಾಡುತ್ತಿದ್ದ. "ಶುರೂಲಿ ಸ್ವಲ್ಪ," ಎಂದುಬಿಟ್ಟ.

ಫೋನು ಇಟ್ಟಮೇಲೆ ಡಲ್ಸಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಿನಗೆ ಯಾವತ್ತು ವಾಕರಿಕೆ ಬಂದಿತ್ತು?"

"ಅವನಿಗೆ ಧೈರ್ಯ ಹೇಳಬೇಡವಾ?"

"ಧೈರ್ಯ ಹೇಳು. ಸುಳ್ಳು ಹೇಳು ಅಂತ ಯಾರು ಕೇಳಿದ್ರು?" ಎಂದು ಅವಳು ಒಳಗೆ ಹೋದಳು.

ಮಾರನೆಯ ವರ್ಷ ಬಾರ್ಲಿಯ ಕೊಯ್ಲು ಮುಗಿಯುವ ಹೊತ್ತಿಗೆ ಡಾಕ್ಟರ್ ನೋಸ್ಕೆ ಒಬ್ಬರೇ ಕಾರು ಓಡಿಸಿಕೊಂಡು ಮೂಂಟಾಗೆ ಬಂದರು. ಮುಂದಿನ ಉಪನ್ಯಾಸದ ವಿಷಯ ಇರಬೇಕೆಂದು ಕ್ಲೆಮ್ ಹಿತ್ತಿಲಿನ ಮರದ ನೆರಳಿಗೆ ಕುರ್ಚಿ ಹಾಕಿದ. ಆಕೆ ಕೂತವರು ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

"ಪ್ರಯೋಗ ನಿಲ್ಲಿಸಿದ್ದೀವಿ ಕ್ಲೆಮ್. ಮಾತ್ರೆ ಕೆಲಸ ಮಾಡ್ತಿಲ್ಲ."

"ನನಗೆ ಮಾಡ್ತಿದೆಯಲ್ಲ."

"ಯಾರಿಗೆ ಯಾವುದು ಅಂತ ಈಗ ತೆಗೆದು ನೋಡಿದ್ವಿ. ನಿಮಗೆ ಸಿಕ್ಕಿದ್ದು ಆ ಮಾತ್ರೆ ಅಲ್ಲ. ಮೊದಲಿನಿಂದಲೂ ನೀವು ತಗೊಂಡಿದ್ದು ಹಿಟ್ಟಿನ ಗುಳಿಗೆ."

ಕ್ಲೆಮ್ ಮೊದಲು ನಕ್ಕ. ಆಮೇಲೆ ಡಾಕ್ಟರ ಮುಖ ನೋಡಿದ. ಡಲ್ಸಿ ಚಹಾದ ತಟ್ಟೆ ಹಿಡಿದು ಮೆಟ್ಟಿಲ ಮೇಲೇ ನಿಂತುಬಿಟ್ಟಿದ್ದಳು.

"ಹಾಗಾದ್ರೆ ನಾನು ಊದಿದ್ದು?"

"ಈ ಕಾಯಿಲೆ ಎಲ್ಲರಲ್ಲೂ ಒಂದೇ ವೇಗದಲ್ಲಿ ಹೋಗಲ್ಲ. ಕೆಲವರಲ್ಲಿ ವರ್ಷಾನುಗಟ್ಟಲೆ ಇದ್ದ ಹಾಗೇ ಇರುತ್ತೆ. ಯಾಕೆ ಅಂತ ನಮಗೂ ಗೊತ್ತಿಲ್ಲ. ನಿಮ್ಮ ಅದೃಷ್ಟ ಅಂತ ಬೇಕಾದ್ರೆ ಅಂದ್ಕೊಳ್ಳಿ."

"ದೇವರು ದೊಡ್ಡವನು," ಎಂದಳು ಡಲ್ಸಿ. ಅವಳಿಗೆ ಸಂತೋಷ ತಡೆಯಲಾಗಿರಲಿಲ್ಲ. ಔಷಧಿ ಇಲ್ಲದೆಯೇ ಗಂಡ ಇಷ್ಟು ಚೆನ್ನಾಗಿದ್ದಾನೆ, ಇನ್ನು ಔಷಧಿ ನಿಂತುಹೋದರೆ ಎಂಬ ಭಯವೂ ಇಲ್ಲ. ಕ್ಲೆಮ್ ಮಾತ್ರ ಬೇಲಿಯ ಕಡೆ ನೋಡುತ್ತ ಕೂತಿದ್ದ.

"ನಾನು ಪ್ರತಿ ಊರಲ್ಲೂ ಹೇಳ್ತಿದ್ದೆ, ತೀರ್ಮಾನಕ್ಕೆ ಬರಬೇಡಿ ಅಂತ," ಎಂದರು ನೋಸ್ಕೆ, ಯಾರೂ ಕೇಳದಿದ್ದರೂ.

"ಹೇಳ್ತಿದ್ರಿ. ನಾನು ಊದಿದ ಮೇಲೆ ಅದು ಯಾರಿಗೆ ನೆನಪಿರ್ತಿತ್ತು?"

"ಅದು ನನಗೂ ಕಾಣಿಸ್ತಿತ್ತು," ಎಂದರು ನೋಸ್ಕೆ. "ನೀವು ಬಂದ್ರೆ ಸಭೆ ತುಂಬ್ತಿತ್ತು. ಸಭೆ ತುಂಬಿದ್ರೆ ಸಂಸ್ಥೆಗೆ ಸಂತೋಷ. ನಾನು ನಿಮ್ಮನ್ನ ತಡೀಬೇಕಿತ್ತು, ತಡೀಲಿಲ್ಲ."

"ನುಂಟ್ಸಿಯೊಗೆ ಸಿಕ್ಕಿದ್ದು ಯಾವುದು?"

"ಅವರ ವಿಷಯ ಅವರೇ ಹೇಳಬೇಕು. ನಾನು ಹೇಳೋ ಹಾಗಿಲ್ಲ."

ಆಕೆ ಹೋದಮೇಲೆ ಡಲ್ಸಿ ಅವನ ಕೈ ಹಿಡಿದುಕೊಂಡಳು. "ನೀನು ಚೆನ್ನಾಗಿದ್ದೀಯ. ನನಗೆ ಅಷ್ಟು ಸಾಕು. ಊರ ಚಿಂತೆ ನಮಗ್ಯಾಕೆ?"

"ಊರಲ್ಲ ಡಲ್ಸಿ. ಒಬ್ಬ ಮನುಷ್ಯ."

ಅವನು ಫೋನು ಮಾಡಬಹುದಿತ್ತು. ಹಲವು ಸಲ ಕೈಗೆತ್ತಿಕೊಂಡು ಕೆಳಗಿಟ್ಟ. ಇಂಥ ಮಾತನ್ನು ಫೋನಿನಲ್ಲೇ ಹೇಳಿ ಮುಗಿಸಿದರೆ ತಾನು ಹೇಡಿ ಅನ್ನಿಸಿತು. ಆ ವಾರ ಅವರ ಭಾನುವಾರದ ಮಾತೂ ನಡೆಯಲಿಲ್ಲ. ಆ ಕಡೆಯಿಂದಲೂ ಫೋನು ಬರಲಿಲ್ಲ. ಸೋಮವಾರ ಬೆಳಿಗ್ಗೆ ಡಲ್ಸಿ ಬೇಡವೆಂದರೂ ಕೇಳದೆ ಕಾರು ಹತ್ತಿ ಉತ್ತರಕ್ಕೆ ಹೊರಟ. ಕೊಯ್ದ ಹೊಲಗಳ ಕೂಳೆ ದಾರಿಯುದ್ದಕ್ಕೂ ಬಿಸಿಲಿಗೆ ಹೊಳೆಯುತ್ತಿತ್ತು. ಪೋರ್ಟ್ ಪಿರಿಯ ಸೀಸದ ಕಾರ್ಖಾನೆಯ ಚಿಮಣಿ ಬಹಳ ದೂರದಿಂದಲೇ ಕಾಣಿಸಿತು.

ಇಮ್ಮಾ ಬಾಗಿಲು ತೆರೆದಳು. ಕುಶಲ ಕೇಳಲಿಲ್ಲ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ, ಅತಿಥಿಗಳಿಗೆಂದು ಇಟ್ಟ ಸೋಫಾಗಳನ್ನು ಗೋಡೆಗೆ ಸರಿಸಿ ಮಂಚ ಹಾಕಿದ್ದರು. ಮೂಲೆಯಲ್ಲಿ ಆಮ್ಲಜನಕದ ಯಂತ್ರ ಗುಂಯ್ ಎನ್ನುತ್ತಿತ್ತು. ಮಂಚದ ಮೇಲೆ ಕೂತಿದ್ದವನ ಗುರುತು ಕ್ಲೆಮ್‌ಗೆ ಮೊದಲು ಸಿಗಲೇ ಇಲ್ಲ. ಕೆನ್ನೆ ಒಳಸೇರಿ, ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು. ಬೆರಳುಗಳು ಮಾತ್ರ ಹಾಗೇ ದಪ್ಪಗಿದ್ದವು.

"ಬಂದೆಯಾ ಕಹಳೆ," ಎಂದ ನುಂಟ್ಸಿಯೊ. "ಕೂತ್ಕೋ. ಮೀನು ಇಲ್ಲ ಇವತ್ತು."

"ನುಂಟ್ಸಿಯೊ, ಡಾಕ್ಟ್ರು ಬಂದಿದ್ರು. ನಾನು ತಿಂದಿದ್ದು ಹಿಟ್ಟಂತೆ. ಅಷ್ಟು ದಿನವೂ ಹಿಟ್ಟು."

ನುಂಟ್ಸಿಯೊ ಅವನನ್ನೇ ನೋಡಿದ. ಹುಬ್ಬು ಮೇಲಕ್ಕೆ ಹೋಯಿತು. ಭುಜ ಅಲ್ಲಾಡತೊಡಗಿತು. ಅವನು ನಗುತ್ತಿದ್ದಾನೆಂದು ಗೊತ್ತಾಗಲು ಕ್ಲೆಮ್‌ಗೆ ಸ್ವಲ್ಪ ಹೊತ್ತು ಬೇಕಾಯಿತು.

"ನನ್ನದು ಅಸಲಿ ಕಣೋ," ಎಂದ ನುಂಟ್ಸಿಯೊ. "ನೀನು ಹೇಳಿದ್ದು ಸರಿ. ಅಪ್ಪಟ ಅಸಲಿ!"

ನಗು ಕೆಮ್ಮಾಯಿತು. ಕೆಮ್ಮು ನಿಲ್ಲದೆ ಅವನ ತುಟಿ ನೀಲಿಗಟ್ಟಿತು. ಇಮ್ಮಾ ಓಡಿಬಂದು ಯಂತ್ರದ ಗುಂಡಿ ತಿರುಗಿಸಿ, ಅವನ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ಕೂತಳು. ಉಸಿರು ಹದಕ್ಕೆ ಬರುವವರೆಗೂ ಕ್ಲೆಮ್ ಕೈಕಟ್ಟಿ ನಿಂತಿದ್ದ. ಕ್ಲೆಮ್‌ನ ಉಸಿರು ಸರಾಗವಾಗಿ ಹೋಗಿ ಬರುತ್ತಿತ್ತು. ಆ ಕೋಣೆಯಲ್ಲಿ ಅದು ಅವನಿಗೇ ಕೇಳಿಸುತ್ತಿತ್ತು.

"ಮೆಲ್ಬರ್ನ್‌ಗೆ ಮತ್ತೆ ಕೇಳಿದ್ರಾ?" ಎಂದ ಕೊನೆಗೆ.

ಉತ್ತರ ಕೊಟ್ಟವಳು ಇಮ್ಮಾ. ದನಿ ಏರಿಸಲಿಲ್ಲ. "ಕೇಳಿದ್ವಿ. ಇಷ್ಟು ಸೊರಗಿದ ಮೈ ಆಪರೇಷನ್ ತಡೆಯಲ್ಲವಂತೆ. ಮೊದಲು ಬಂದಿದ್ರೆ ನೋಡಬಹುದಿತ್ತು ಅಂದ್ರು. ಮೊದಲು ಅಂದ್ರೆ ಯಾವಾಗ ಗೊತ್ತಾ? ನೀವು ಊದಿದ ದಿನ."

"ಇಮ್ಮಾ, ಅವನಿಗೇನು ಗೊತ್ತಿತ್ತು?" ಎಂದ ನುಂಟ್ಸಿಯೊ, ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತ. "ಅವನಿಗೂ ಮೋಸ ಮಾಡಿತ್ತು ಆ ಗುಳಿಗೆ."

"ಗೊತ್ತಿಲ್ಲ ಅಂತ ಆ ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ಳು. ನಾನು ಕೇಳಿಸ್ಕೊಂಡೆ. ಗೊತ್ತು ಅಂತ ಹೇಳಿದವರು ಇವರು." ಅವಳು ಕ್ಲೆಮ್ ಕಡೆ ತಿರುಗಿದಳು. "ವಾಕರಿಕೆ ಬಂದ್ರೆ ಒಳ್ಳೇದು ಅಂದ್ರಂತೆ. ನಾನು ಬೇಡ, ಬಿಡು, ತಿನ್ನಬೇಡ ಅಂತ ಕಾಲಿಗೆ ಬೀಳೋದೊಂದು ಬಾಕಿ. ಕ್ಲೆಮ್‌ಗೂ ಹೀಗೇ ಆಗಿತ್ತು ಅಂತ ಇವನು ನನ್ನ ಬಾಯಿ ಮುಚ್ಚಿಸಿದ. ಆಗಿತ್ತಾ? ಹಿಟ್ಟು ತಿಂದವರಿಗೆ ವಾಕರಿಕೆ ಆಗಿತ್ತಾ?"

"ಇಲ್ಲ," ಎಂದ ಕ್ಲೆಮ್.

ನುಂಟ್ಸಿಯೊ ಕಣ್ಣು ಮುಚ್ಚಿಕೊಂಡ. ಅಲ್ಲಿಯವರೆಗೂ ಗೆಳೆಯನ ಪರವಾಗಿ ಇದ್ದ ಅವನ ಮುಖದಿಂದ ಏನೋ ಸರಿದುಹೋಯಿತು. ಕೋಪವಲ್ಲ, ಆಯಾಸ. "ಅದೊಂದು ಹೇಳಬಾರದಿತ್ತು ಕಣೋ," ಎಂದ. ಕ್ಲೆಮ್ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಬಂದ. ಬಾಗಿಲವರೆಗೂ ಯಾರೂ ಬರಲಿಲ್ಲ.

ಚಳಿಗಾಲ ಮುಟ್ಟುವ ಮೊದಲೇ ನುಂಟ್ಸಿಯೊ ತೀರಿಕೊಂಡ. ಮೀನುಗಾರರೆಲ್ಲ ಕಪ್ಪು ಕೋಟು ಹಾಕಿಕೊಂಡು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಕ್ಲೆಮ್, ಡಲ್ಸಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಹೊರಗೆ ಬರುವಾಗ ಇಮ್ಮಾ ಡಲ್ಸಿಯ ಎರಡೂ ಕೈ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಕ್ಲೆಮ್‌ನತ್ತ ಕಣ್ಣು ಹಾಯಿಸದೆ ಮುಂದೆ ಹೋದಳು. ಅವನು ಚಾಚಿದ ಕೈ ಹಾಗೇ ಉಳಿಯಿತು.

ಆಮೇಲೆ ಅವನು ಬ್ಯಾಂಡಿಗೆ ಹೋಗುವುದನ್ನು ಬಿಟ್ಟ. ಕಾರ್ನೆಟ್ಟನ್ನು ಬ್ಯಾಂಡಿನವರಿಗೇ ಕೊಟ್ಟುಬಿಟ್ಟ. ಉಸಿರು ಸಾಲದೆ ಅಲ್ಲ. ತಪಾಸಣೆಗೆ ಹೋದಾಗಲೆಲ್ಲ ಶ್ವಾಸಕೋಶ ಹಿಂದಿನಂತೆಯೇ ಇದೆ ಎಂದೇ ಹೇಳುತ್ತಿದ್ದರು. ಬೀದಿಯಲ್ಲಿ ಸಿಕ್ಕವರು "ಏನ್ ಕ್ಲೆಮ್, ಕಲ್ಲುಗುಂಡು ಇದ್ದಂಗಿದ್ದೀಯಲ್ಲ!" ಅಂದರೆ ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದ. ಮನೆಯಲ್ಲಿ ಡಲ್ಸಿ ಒಂದು ದಿನ ತಟ್ಟೆ ಕುಕ್ಕಿದಳು. "ಬದುಕಿದ್ದೀನಿ ಅಂತ ನೀನು ಕೊರಗೋದನ್ನ ನಾನೆಷ್ಟು ದಿನ ನೋಡಲಿ? ನೀನು ಸತ್ತಿದ್ರೆ ಅವಳ ಗಂಡ ಎದ್ದು ಬರ್ತಿದ್ನಾ?"

ಮತ್ತೊಂದು ಬೇಸಿಗೆ ಕಳೆದ ಮೇಲೆ ನೋಸ್ಕೆ ಫೋನು ಮಾಡಿದರು. ಸೋತ ಪ್ರಯೋಗದ ಬಗ್ಗೆಯೂ ಜನರಿಗೆ ತಿಳಿಹೇಳಬೇಕು, ಬರುತ್ತೀರಾ ಎಂದು ಕೇಳಿದರು. ಸಂಸ್ಥೆಯವರಿಗೆ ಅದು ಅಷ್ಟಾಗಿ ಇಷ್ಟವಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಕ್ಲೆಮ್ ಆಗುವುದಿಲ್ಲ ಎಂದ. ಮರುದಿನ ತಾನೇ ಫೋನು ಮಾಡಿ, ಪೋರ್ಟ್ ಪಿರಿಯಲ್ಲಾದರೆ ಬರುತ್ತೇನೆ ಎಂದ.

ಅದೇ ಸಭಾಭವನ. ಈ ಸಲ ಅರ್ಧಕ್ಕರ್ಧ ಕುರ್ಚಿ ಖಾಲಿ. ಇಮ್ಮಾ ಬರಬಹುದೆಂದು ಅವನು ಬಾಗಿಲ ಕಡೆಗೇ ನೋಡುತ್ತಿದ್ದ. ಬರಲಿಲ್ಲ. ನೋಸ್ಕೆ ಮಾತಾಡಿದ ಮೇಲೆ ಅವನು ಎದ್ದುನಿಂತು, ಯಾವ ತಮಾಷೆಯನ್ನೂ ಮಾಡದೆ, ತಾನು ತಿಂದದ್ದು ಏನು, ಹೇಳಿದ್ದು ಏನು, ಅದನ್ನು ನಂಬಿದ ಗೆಳೆಯನಿಗೆ ಏನಾಯಿತು ಎಂಬುದನ್ನೆಲ್ಲ ಹೇಳಿದ. ನುಂಟ್ಸಿಯೊನ ಹೆಸರು ಹೇಳಲಿಲ್ಲ. ಆದರೆ ಅದು ಯಾರೆಂದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಒಬ್ಬ ಮುದುಕ ಎದ್ದು, ಕೇಳಿಸುವ ಹಾಗೆಯೇ "ಇದನ್ನ ಕೇಳೋಕೆ ಬಂದ್ನಾ ನಾನು" ಎಂದು ಗೊಣಗಿ ಹೊರಗೆ ಹೋದ.

ಚಹಾದ ಹೊತ್ತಿಗೆ ಅರುವತ್ತರ ಆಸುಪಾಸಿನ ಹೆಂಗಸೊಬ್ಬಳು ಅವನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದಳು. ಹೆಸರು ಥೆಲ್ಮಾ ಪೆಂಗ್ಲೇಸ್, ಕ್ರಿಸ್ಟಲ್ ಬ್ರೂಕಿನವಳು. ಮೂಗಿನಲ್ಲಿ ನಳಿಗೆ, ಬೆನ್ನಿಗೆ ಸಣ್ಣ ಸಿಲಿಂಡರು.

"ನಿಮ್ಮನ್ನ ಬಾಯಿ ಮುಚ್ಕೊಂಡಿರಿ ಅಂದಿದ್ದಾರೆ ತಾನೇ?" ಎಂದಳು ಪಿಸುದನಿಯಲ್ಲಿ. "ನನಗೆ ಅರ್ಥ ಆಗುತ್ತೆ. ಯಾರಿಗೂ ಹೇಳಲ್ಲ. ಆ ಮಾತ್ರೆ ಈಗ ಎಲ್ಲಿ ಸಿಗುತ್ತೆ, ಅಷ್ಟು ಹೇಳಿ."

"ಅಮ್ಮಾ, ನಾನು ಈಗಷ್ಟೇ ಹೇಳಿದೆನಲ್ಲ. ನಾನು ಮಾತ್ರೆ ತಿಂದೇ ಇಲ್ಲ."

"ನಿಮ್ಮ ಮೈಬಣ್ಣ ನೋಡಿ ಹೇಗಿದೆ! ಅದು ಸುಮ್ಮನೆ ಬರುತ್ತಾ? ನನ್ನನ್ನೇನು ದಡ್ಡಿ ಅಂದ್ಕೊಂಡ್ರಾ?"

ಅವನು ಮತ್ತೆ ಮೊದಲಿನಿಂದ ಹೇಳಿದ. ಅವಳು ತಲೆ ಅಲ್ಲಾಡಿಸಿದಳು. ನೋಸ್ಕೆಯವರನ್ನು ಕರೆಯುತ್ತೇನೆಂದ. ಅವರೇ ಬಚ್ಚಿಡುತ್ತಿರುವುದು ಎಂದಳು. ಮೆಲ್ಬರ್ನ್‌ಗೆ ಬರಹೇಳಿದ್ದಾರಾ ಎಂದು ಕೇಳಿದ. ಹೇಳಿದ್ದಾರೆ, ಇನ್ನೂ ಯೋಚಿಸುತ್ತಿದ್ದೇನೆ ಎಂದಳು.

"ಯೋಚನೆ ಬೇಡ, ಹೋಗಿ," ಎಂದುಬಿಟ್ಟ ಕ್ಲೆಮ್. ಅಂದ ಕೂಡಲೇ ಮತ್ತೆ ಅದೇ ಮಾಡುತ್ತಿದ್ದೇನೆ ಅನ್ನಿಸಿತು. ಈಕೆಯ ಮೈ ಆಪರೇಷನ್ ತಡೆಯುತ್ತದೋ ಇಲ್ಲವೋ ಅವನಿಗೇನು ಗೊತ್ತು? "ಇಲ್ಲ, ನನ್ನ ಮಾತು ಕೇಳಬೇಡಿ. ಅಲ್ಲಿಯ ಡಾಕ್ಟ್ರನ್ನ ಕೇಳಿ. ಬೇಗ ಕೇಳಿ. ಅಷ್ಟೇ ನಾನು ಹೇಳಬಹುದಾದ್ದು."

ಥೆಲ್ಮಾ ಅವನ ತೋಳು ಬಿಟ್ಟಳು. ಅವಳ ಕಣ್ಣಲ್ಲಿ ಇದ್ದದ್ದು ಶುದ್ಧ ತಿರಸ್ಕಾರ. "ಮಾತ್ರೆ ಸಿಕ್ಕವರು ಹೀಗೇ," ಎಂದಳು. "ತಾವು ಹತ್ತಿದ ಮೇಲೆ ಏಣಿ ಎಳ್ಕೊಳ್ಳೋದು." ಸಿಲಿಂಡರಿನ ಪಟ್ಟಿ ಸರಿಮಾಡಿಕೊಂಡು ನಿಧಾನವಾಗಿ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ಬಾಗಿಲು ದಾಟಿದಳು.

ಮನೆಗೆ ಹಿಂದಿರುಗುವಾಗ, ಸಭೆಗೆ ಜೊತೆಯಲ್ಲೇ ಬಂದಿದ್ದ ಡಲ್ಸಿ ಕಾರು ಓಡಿಸಿದಳು. ಬಹಳ ದೂರ ಬಂದಮೇಲೆ, "ಆ ಹೆಂಗಸು ಏನು ಕೇಳಿದ್ಲು?" ಎಂದಳು.

"ಮಾತ್ರೆ ಎಲ್ಲಿ ಸಿಗುತ್ತೆ ಅಂತ."

ಡಲ್ಸಿ ಗಂಡನ ಮುಖ ನೋಡಿ ಮತ್ತೆ ರಸ್ತೆಯ ಕಡೆ ತಿರುಗಿದಳು. ಮುಂದಿನ ತಿಂಗಳು ವೈಯಾಲಾದಲ್ಲಿ ಸಭೆ ಇದೆಯೆಂದು ನೋಸ್ಕೆ ಹೇಳಿದ್ದರು. ಕ್ಲೆಮ್ ಬರುತ್ತೇನೆ ಎಂದಿದ್ದ.